ಬೆಳುಗುಪ್ಪ ಜೀಪಿನಲ್ಲಿ ಯುವಕೂಟ

ದೊಡ್ಡ ಜವಾಬ್ದಾರಿಗಳು ಯೋಗ್ಯತೆ ನೋಡಿಕೊಂಡು ಬರುತ್ತವೆ ಎಂದು ತಿಳಿದವರು ಒಂದು ಸಲ ನಮ್ಮ ಹಿಂದೂಪುರದ ಚರ್ಚಿಗೆ ಬಂದು ಹೋಗಬೇಕು. ಅಲ್ಲಿ ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಯಾರು ಕಡೆಗೆ ಉಳಿಯುತ್ತಾರೋ ಜವಾಬ್ದಾರಿ ಅವರ ಪಾಲು. ಅವತ್ತು ಕಡೆಗೆ ಉಳಿದವಳು ನಾನು. ಭಕ್ತಿ ಹೆಚ್ಚಾಗಿ ಉಳಿದದ್ದಲ್ಲ, ಎಡಗಾಲಿನ ಚಪ್ಪಲಿ ಸಿಕ್ಕಿರಲಿಲ್ಲ. ರಾಶಿಯ ಮುಂದೆ ಬಗ್ಗಿ ಹುಡುಕುತ್ತಿದ್ದಾಗ ನಮ್ಮ ಅಮ್ಮಗಾರು ಬಂದು ಬೆನ್ನ ಮೇಲೆ ಕೈಯಿಟ್ಟರು. ಪಾದ್ರಿಯವರನ್ನು ನಾವು ಅಯ್ಯಗಾರು ಅನ್ನುತ್ತೇವೆ, ಅವರ ಹೆಂಡತಿಯನ್ನು ಅಮ್ಮಗಾರು. "ಸರೋಜಾ, ನೀನು ಸ್ಕೂಲಲ್ಲಿ ಪಾಠ ಹೇಳೋಳು, ಮಕ್ಕಳ ಮನಸ್ಸು ನಿಂಗೆ ಗೊತ್ತಿರ್ತದೆ. ಇನ್ಮೇಲೆ ಯುವಕೂಟ ನಿಂದು ಕಣಮ್ಮ," ಅಂದರು. ಬಗ್ಗಿದವಳು ಬಗ್ಗಿದ ಹಾಗೇ "ಆಗ್ಲಿ ಅಮ್ಮಾ" ಅಂದೆ. ಅಷ್ಟು ಬಗ್ಗಿಕೊಂಡಿರುವಾಗ ಯಾರಿಗೂ ಬೇಡ ಅನ್ನಲು ಬರುವುದಿಲ್ಲ. ನೆಟ್ಟಗೆ ನಿಂತ ಮೇಲೆ ಧೈರ್ಯ ಬಂತು, ಅಷ್ಟರಲ್ಲಿ ಅಮ್ಮಗಾರು ಹೋಗಿಬಿಟ್ಟಿದ್ದರು. ಚಪ್ಪಲಿಯೂ ಸಿಕ್ಕಲಿಲ್ಲ.

ನನಗಿಂತ ಮುಂಚೆ ಚರ್ಚಿನ ಹದಿಹರೆಯದವರ ಈ ಯುವಕೂಟ ನೋಡಿಕೊಳ್ಳುತ್ತಿದ್ದವನು ಗಿಟಾರ್ ನುಡಿಸುವ ಹುಡುಗ. ಗುಂಟೂರಿನ ಕಡೆ ಅವನಿಗೆ ಮದುವೆಯಾಗಿ ಅವನೂ ಗಿಟಾರೂ ಒಟ್ಟಿಗೆ ಊರು ಬಿಟ್ಟರು. ಅವನ ಜಾಗಕ್ಕೆ ಬಂದ ನನಗೆ ಮೂವತ್ತೆಂಟು ದಾಟಿತ್ತು. ಮನೆಯಲ್ಲಿ ನನ್ನ ಮದುವೆಯ ಮಾತು ನಿಂತುಹೋಗಿತ್ತು. ನನಗೆ ನುಡಿಸಲು ಬರುತ್ತಿದ್ದ ಒಂದೇ ವಾದ್ಯ ಎಂದರೆ ಶಾಲೆಯ ಗಂಟೆ. ದಿನಾ ಬಸ್ಸಿನಲ್ಲಿ ಪರಿಗಿಗೆ ಹೋಗಿ ಎರಡನೇ ತರಗತಿಗೆ ಪಾಠ ಹೇಳಿ ಬರುತ್ತಿದ್ದೆ. ಹಾಗಾಗಿ ಮಕ್ಕಳ ಮನಸ್ಸು ನನಗೆ ಗೊತ್ತು ಎಂದು ಅಮ್ಮಗಾರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ನನಗೆ ಗೊತ್ತಿದ್ದುದು ಏಳು ವರ್ಷದ ಮನಸ್ಸು. ಆ ಮಕ್ಕಳು ಪ್ರಶ್ನೆ ಮುಗಿಯುವ ಮುಂಚೆಯೇ ಕೈ ಎತ್ತುತ್ತಾರೆ. "ಹಸು ಏನು ಕೊಡುತ್ತದೆ?" ಅಂದರೆ "ನಮ್ಮನೆ ಹಸ ಒದೀತದೆ ಮಿಸ್" ಎಂಬ ಉತ್ತರ ಬರಬಹುದು, ಆದರೆ ಬಂದೇ ಬರುತ್ತದೆ. ಹದಿನಾರು ವರ್ಷದವರನ್ನು ಮುಂದೆ ಕೂರಿಸಿಕೊಂಡು "ಕ್ಷಮಿಸುವುದು ಅಂದರೆ ಏನು, ಯಾರಾದರೂ ಹೇಳಿ ನೋಡೋಣ" ಅಂದೆ. ನಮ್ಮ ಮನೆಯ ಫ್ಯಾನು ಅಷ್ಟು ಜೋರಾಗಿ ಸದ್ದು ಮಾಡುತ್ತದೆ ಎಂದು ನನಗೆ ಗೊತ್ತಾದದ್ದು ಆ ಸಂಜೆ.

ಕೂಟ ಸೇರುತ್ತಿದ್ದುದು ಶನಿವಾರ ಸಂಜೆ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಬರುತ್ತಿದ್ದವರು ನಾಲ್ಕು ಜನ. ಎಸ್ತರ್‌ಗೆ ಬಾಯಿಯೇನೋ ಇತ್ತು, ಪಾಠದ ಕಡೆಗೆ ತಿರುಗುತ್ತಿರಲಿಲ್ಲ. ನಾನು ತಾಳ್ಮೆಯ ಬಗ್ಗೆ ಹೇಳುತ್ತಿದ್ದರೆ "ಅಕ್ಕಾ, ಈ ಸೀರೆಗೆ ಈ ಬ್ಲೌಸ್ ನೀವೇ ಹಾಕ್ಕಂಡಿದ್ದಾ, ಇಲ್ಲಾ ಕತ್ಲಲ್ಲಿ ಸಿಕ್ಕಿದ್ದಾ?" ಅಂತ ಕೇಳಿ ನನ್ನ ತಾಳ್ಮೆಯನ್ನೇ ಪರೀಕ್ಷೆ ಮಾಡುವವಳು. ಸಂಪತ್ ಯಾವಾಗಲೂ ಹಸಿದಿರುತ್ತಿದ್ದ. ಅವನ ಮುಖದಲ್ಲಿ ಕಾಣುತ್ತಿದ್ದ ಗಾಢ ಚಿಂತನೆ ಅಡುಗೆಮನೆಯ ಒಗ್ಗರಣೆಗೆ ಸಂಬಂಧಪಟ್ಟದ್ದು ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಪ್ರಮೀಳಾ ಮಾತೇ ಆಡುತ್ತಿರಲಿಲ್ಲ. ಆದರೆ ಪ್ರಾರ್ಥನೆ ಶುರುವಾದರೆ ಬಿಗಿಯಾಗಿ ಕಣ್ಣು ಮುಚ್ಚಿ, ಕೈ ಮುಗಿದು, ಅಲ್ಲಾಡದೆ ಕೂರುತ್ತಿದ್ದಳು. "ನೋಡಿ ಪ್ರಮೀಳಾನ, ಹಂಗೆ ಕೂತ್ಕೋಬೇಕು" ಎಂದು ಉಳಿದವರಿಗೆ ತೋರಿಸುತ್ತಿದ್ದೆ. ನಾಲ್ಕನೆಯವನು ಜೋಸೆಫ್, ಇಂಟರ್, ಅಂದರೆ ಪಿಯುಸಿ, ಓದುತ್ತಿದ್ದ ಉದ್ದನೆಯ ಹುಡುಗ. ಪ್ರಶ್ನೆ ಕೇಳುತ್ತಿದ್ದವನು ಅವನೊಬ್ಬನೇ. ಒಂದು ಸಲ ಕೇಳಿದ: "ಅಕ್ಕಾ, ಪರಲೋಕದಲ್ಲಿ ಯಾವ ಭಾಷೆ? ಕನ್ನಡಾನೋ ತೆಲುಗೋ?"

ಆಂಧ್ರದ ಗಡಿಯಲ್ಲಿರುವ ನಮ್ಮ ಕಡೆ ಇದು ತಮಾಷೆಯ ಪ್ರಶ್ನೆಯಲ್ಲ. ನಮಗೆ ಮನೆಯಲ್ಲಿ ಕನ್ನಡ, ಚರ್ಚಿನಲ್ಲಿ ತೆಲುಗು, ಜಗಳಕ್ಕೆ ಎರಡೂ. ನಾನೇ ಪ್ರಾರ್ಥನೆಯನ್ನು ಕನ್ನಡದಲ್ಲಿ ಶುರು ಮಾಡಿ, ಆವೇಶ ಏರಿದಂತೆಲ್ಲ ತೆಲುಗಿಗೆ ಜಾರಿ, ಆಮೆನ್ ಹೊತ್ತಿಗೆ ಹೇಗೋ ವಾಪಸ್ಸು ಬರುವವಳು. ಜೋಸೆಫನ ಪ್ರಶ್ನೆಯನ್ನು ಒಂದು ವಾರ ಯೋಚಿಸಿದೆ. ಕಡೆಗೆ ಅಡುಗೆಮನೆಯಿಂದ ನಮ್ಮವ್ವ ಕೂಗಿ ಹೇಳಿದಳು: "ಅಲ್ಲಿ ಯಾರ್ಗೂ ಹೊಟ್ಟೆ ಹಸಿಯಲ್ಲ, ಮಾತೇ ಬೇಕಾಗಲ್ಲ ಕಣಪ್ಪ. ಈಗ ತಿನ್ನು ಬಾ." ನೆನೆಸಿದ ಮಂಡಕ್ಕಿಗೆ ಒಗ್ಗರಣೆ ಹಾಕಿದ ಉಗ್ಗಾಣಿ, ಜೊತೆಗೆ ಮೆಣಸಿನಕಾಯಿ ಬಜ್ಜಿ, ಇದು ಅವ್ವನ ಶನಿವಾರದ ಸೇವೆ. ಮಕ್ಕಳು ವಾರ ತಪ್ಪದೆ ಬರುವುದನ್ನು ಕಂಡು ನಾನು ಬೀಗುತ್ತಿದ್ದರೆ ಅವಳು, "ನಿನ್ ಪಾಠಕ್ಕಲ್ಲ ಕಣೇ ಸರೋಜಿ ಬರೋದು," ಎಂದು ನನ್ನನ್ನು ನೆಲಕ್ಕಿಳಿಸುತ್ತಿದ್ದಳು.

ಹೀಗೆ ನಗುತ್ತಾ ಒಂದು ವರ್ಷ ಹೋಯಿತು. ಆಮೇಲೆ ಜೋಸೆಫನ ಅಪ್ಪನಿಗೆ ಕಾಯಿಲೆ ಬಂತು. ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದ ಗಟ್ಟಿ ಮನುಷ್ಯ, ಎರಡೂ ಕಿಡ್ನಿ ಕೆಟ್ಟಿವೆ ಎಂದು ಡಾಕ್ಟರು ಹೇಳಿದರು. ನಮ್ಮ ನಾಲ್ಕು ಮಕ್ಕಳು ಆಗ ಯಾರೂ ಹೇಳದೆಯೇ ದಿನಾ ಸಂಜೆ ನಮ್ಮ ಮನೆಗೆ ಬಂದು ಮಂಡಿಯೂರಿದರು. ಸಂಪತ್ ಉಪವಾಸ ಮಾಡಿದ. ಅವನು ಊಟ ಬಿಟ್ಟದ್ದನ್ನು ಕಂಡ ದಿನ, ದೇವರು ಇದನ್ನು ನೋಡಿಯಾದರೂ ಮನಸ್ಸು ಮಾಡುತ್ತಾನೆ ಎಂದು ನಾನು ನಿಜಕ್ಕೂ ನಂಬಿದೆ. ಆದರೆ ಆ ಮನುಷ್ಯ ಉಳಿಯಲಿಲ್ಲ.

ಮಣ್ಣಾದ ಮೇಲಿನ ಶನಿವಾರಗಳಲ್ಲಿ ಜೋಸೆಫ್ ಬಂದು ಸುಮ್ಮನೆ ಕೂತು ಹೋಗುತ್ತಿದ್ದ. ಒಂದು ದಿನ ಪ್ರಾರ್ಥನೆಗೆ ಮುಂಚೆ ತಲೆ ಎತ್ತಿ ಕೇಳಿದ. "ಅಕ್ಕಾ, ನಾವೆಲ್ಲ ಅಷ್ಟು ಕೇಳ್ಕಂಡ್ವಲ್ಲ. ದೇವರಿಗೆ ಕೇಳಿಸ್ಲಿಲ್ವಾ, ಇಲ್ಲಾ ಕೇಳಿಸಿದ್ರೂ ಬ್ಯಾಡ ಅಂದ್ನಾ?" ಬಾಯಿ ಮುಚ್ಚದ ನಾನು ಅವತ್ತು ಆಡಿದ್ದು ಎರಡೇ ಮಾತು. "ಗೊತ್ತಿಲ್ಲ ಕಣಪ್ಪ," ಅಂದೆ. ಅವ್ವ ತಟ್ಟೆಗಳನ್ನು ತಂದಿಟ್ಟಳು, ಸಂಪತ್ ಕೂಡ ಮುಟ್ಟಲಿಲ್ಲ. ಜೋಸೆಫ್ ಎದ್ದು ಹೋದ. ಮತ್ತೆ ಬರಲಿಲ್ಲ. ಆ ತಿಂಗಳೇ ಅವನ ಅಮ್ಮ ಅವನನ್ನು ಕರೆದುಕೊಂಡು ಕಲ್ಯಾಣದುರ್ಗದಲ್ಲಿದ್ದ ತನ್ನ ಅಣ್ಣನ ಮನೆ ಸೇರಿದಳು.

ನಾನು ನೆಟ್ಟಗೆ ಅಮ್ಮಗಾರ ಹತ್ತಿರ ಹೋದೆ. ಈ ಸಲ ಬಗ್ಗದೆ ನಿಂತುಕೊಂಡೇ, ನನ್ನ ಕೈಲಿ ಆಗಲ್ಲ, ಉತ್ತರ ಗೊತ್ತಿರುವವರು ಯಾರಾದರೂ ನೋಡಿಕೊಳ್ಳಲಿ ಅಂದೆ. ಅವರು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತದೆ, "ಉತ್ತರ ಹೇಳೋಕೆ ನಿನ್ನ ಯಾರು ಹಾಕಿದ್ರು? ಶನಿವಾರ ಸಾಯಂಕಾಲ ಬಾಗ್ಲು ತೆಗಿ, ಸಾಕು," ಎಂದು ಅರ್ಧ ರಾಶಿ ಅವರೆಕಾಯಿಯನ್ನು ನನ್ನ ಮುಂದೆ ನೂಕಿದರು. ರಾಜೀನಾಮೆ ಕೊಡಲು ಹೋದವಳು ಅವರೆಕಾಯಿ ಬಿಡಿಸಿಕೊಟ್ಟು ಬಂದೆ.

ಸ್ವಲ್ಪ ದಿನಕ್ಕೆ ಜೋಸೆಫನ ಅಮ್ಮ ಫೋನ್ ಮಾಡಿದಳು. "ಅಕ್ಕಾ, ಇವ್ನು ಕಾಲೇಜು ಬುಟ್ಬುಟ್ಟವ್ನೆ. ನಮ್ಮಣ್ಣನ ಜೀಪಲ್ಲಿ ಕ್ಲೀನರಾಗಿ ಹೋಯ್ತಾನೆ. ಬೆಳುಗುಪ್ಪಕ್ಕೆ ಓಡಾಡೋ ಜೀಪು. ಇಡೀ ದಿನ ಜನಾನ ಕೂಗ್ತಾನೆ, ಮನೆಗೆ ಬಂದ್ರೆ ಒಂದು ಮಾತಿಲ್ಲ. ಅತ್ತೂ ಇಲ್ಲ ಅಕ್ಕಾ. ಅವರಪ್ಪ ಹೋದಾಗಿಂದ ಒಂದು ಸಲಾನೂ ಅತ್ತಿಲ್ಲ." ಶನಿವಾರ ಮಕ್ಕಳಿಗೆ ಈ ಸುದ್ದಿ ಹೇಳಿ, ಅವನಿಗೋಸ್ಕರ ಪ್ರಾರ್ಥನೆ ಮಾಡೋಣ ಎಂದೆ. ಎಸ್ತರ್ ಎದ್ದು ನಿಂತಳು. "ಪ್ರಾರ್ಥನೆ ಆಮೇಲೆ ಮಾಡಣ ಅಕ್ಕಾ. ನಾಳೆ ಮೊದಲ್ನೇ ಬಸ್ಸಿಗೆ ಹೋಗಣ," ಅಂದಳು. ಭಾನುವಾರ ಆರಾಧನೆ ಬಿಟ್ಟು ಯುವಕೂಟವನ್ನು ಊರು ಸುತ್ತಿಸಿದಳು ಎಂದು ಅಯ್ಯಗಾರು ಏನೆನ್ನುವರೋ ಎಂಬ ಭಯ ನನಗೆ. ಅವರನ್ನು ಕೇಳಿದರೆ, "ನೀವು ಬರದಿದ್ರೆ ಚಾಪೆ ಮೇಲೆ ನಾಲ್ಕು ಜನಕ್ಕೆ ಜಾಗ ಆಯ್ತದೆ, ಹೋಗಿ ಬನ್ನಿ," ಎಂದು ನಕ್ಕುಬಿಟ್ಟರು.

ನಾನು ರಾತ್ರಿಯಿಡೀ ಕೂತು ಮನಸ್ಸಿನಲ್ಲೇ ಒಂದು ಭಾಷಣ ಕಟ್ಟಿದೆ. ದುಃಖ, ನಂಬಿಕೆ, ವಿದ್ಯಾಭ್ಯಾಸ ಎಂದು ಮೂರು ಭಾಗ. ವಿದ್ಯಾಭ್ಯಾಸದ ಭಾಗ ನನಗೇ ಕಣ್ಣೀರು ತರಿಸುವಷ್ಟು ಚೆನ್ನಾಗಿತ್ತು. ಆದರೆ ನನ್ನ ಹೊಟ್ಟೆಗೆ ಪರಿಗಿವರೆಗಿನ ಬಸ್ಸು ಮಾತ್ರ ಅಭ್ಯಾಸ. ಅದಕ್ಕಿಂತ ದೂರ ಹೊರಟರೆ ಅದು ನನ್ನ ಮಾತು ಕೇಳುವುದಿಲ್ಲ. ನಡುವೆ ಬಸ್ಸು ಬದಲಾಯಿಸುವ ಹೊತ್ತಿಗೆ ದುಃಖ ಮತ್ತು ನಂಬಿಕೆ ಎರಡೂ ಕಿಟಕಿಯಿಂದಾಚೆ ಹೋಗಿದ್ದವು. ಎಸ್ತರ್ ನನ್ನ ಹಣೆ ಹಿಡಿದುಕೊಂಡಿದ್ದಳು, ಪ್ರಮೀಳಾ ಮೂಗಿಗೆ ನಿಂಬೆಹಣ್ಣು ಹಿಡಿದಿದ್ದಳು. ಅವ್ವ ಕಟ್ಟಿಕೊಟ್ಟಿದ್ದ ಚಿತ್ರಾನ್ನದ ಡಬ್ಬಿಯನ್ನು ಸಂಪತ್ ತೊಡೆಯ ಮೇಲೆ ಕೂಸಿನಂತೆ ಕಾಪಾಡಿಕೊಂಡು, "ಅಕ್ಕಾ, ನೀವು ಹೆಂಗೂ ತಿನ್ನಲ್ವಲ್ಲ?" ಎಂದು ಅನುಕಂಪದಿಂದ ಕೇಳಿದ. ಯಾರು ಯಾರನ್ನು ನಡೆಸಿಕೊಂಡು ಹೋಗುತ್ತಿದ್ದಾರೆ ಎಂದು ಬಸ್ಸಿನವರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಕಲ್ಯಾಣದುರ್ಗದಲ್ಲಿ ಇಳಿದಾಗ ಅವನನ್ನು ಹುಡುಕುವ ಕೆಲಸವೇ ಬೀಳಲಿಲ್ಲ. ಜೀಪುಗಳು ನಿಲ್ಲುವ ಕಡೆಯಿಂದ "ಬೆಳುಗುಪ್ಪ, ಬೆಳುಗುಪ್ಪ, ಎಕ್ಕಂಡಿ ಎಕ್ಕಂಡಿ, ಹತ್ತಿ ಹತ್ತಿ" ಎಂದು ಎರಡು ಭಾಷೆಯಲ್ಲೂ ಕೂಗುವ ದನಿ ಕೇಳಿಸಿತು. ಜೀಪಿನ ಹಿಂದಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಜೋಸೆಫ್ ನೇತಾಡುತ್ತಿದ್ದ, ಇನ್ನೂ ಉದ್ದವಾಗಿದ್ದ, ಸಣ್ಣಗಾಗಿದ್ದ. ನಮ್ಮನ್ನು ಕಂಡವನೇ ಮುಖ ಬೇರೆ ಕಡೆ ತಿರುಗಿಸಿ, "ಗಾಡಿ ಹೊರಡ್ತದೆ ಅಕ್ಕಾ, ನಂಗೆ ಪುರುಸೊತ್ತಿಲ್ಲ," ಅಂದ. ಸ್ಟಿಯರಿಂಗ್ ಹಿಡಿದಿದ್ದ ಅವನ ಮಾವನಿಗೆ ನಾವು ಯಾರೋ ಗೊತ್ತಿಲ್ಲ. ನಾಲ್ಕು ಗಿರಾಕಿ ಕಂಡರೆಂದು ಕತ್ತು ಹೊರಗೆ ಹಾಕಿ, "ಎಕ್ಕಡಿಕಮ್ಮಾ? ಬೆಳುಗುಪ್ಪಕಾ?" ಎಂದು, ಎಲ್ಲಿಗೆ ಹೋಗಬೇಕೆಂದು ಕೇಳಿದ. ಇಲ್ಲಪ್ಪ ಎನ್ನಲು ನಾನು ಬಾಯಿ ತೆರೆದೆ. "ಹೂಂ, ಬೆಳುಗುಪ್ಪಕ್ಕೇ!" ಎಂದು ಎಸ್ತರ್ ಹತ್ತಿಬಿಟ್ಟಳು. ಅವಳ ಹಿಂದೆ ಪ್ರಮೀಳಾ. ಸಂಪತ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಹಿಂದಿನ ಮೆಟ್ಟಿಲ ಮೇಲೆ ಜೋಸೆಫನ ಪಕ್ಕದಲ್ಲೇ ನೇತುಬಿದ್ದ. ಹೀಗೆ ನಾನು ಬೆಳುಗುಪ್ಪದಲ್ಲಿ ಯಾವ ಕೆಲಸವೂ ಇಲ್ಲದೆ ಬೆಳುಗುಪ್ಪಕ್ಕೆ ಹೊರಟೆ.

ಆ ಜೀಪನ್ನು ಹತ್ತದವರಿಗೆ ಅದರೊಳಗೆ ಎಷ್ಟು ಜನ ಹಿಡಿಸುತ್ತಾರೆಂದು ಹೇಳಿದರೆ ನಂಬುವುದಿಲ್ಲ. ನನ್ನ ಒಂದು ಪಕ್ಕದಲ್ಲಿ ಕಡಲೆಕಾಯಿ ಮೂಟೆ, ಇನ್ನೊಂದು ಪಕ್ಕದಲ್ಲಿ ಮಡಿಲಲ್ಲಿ ಕೋಳಿ ಇಟ್ಟುಕೊಂಡ ಅಜ್ಜಿ. ಕೋಳಿ ನನ್ನನ್ನು ಒಂದೇ ಕಣ್ಣಿನಿಂದ ನೋಡುತ್ತಿತ್ತು. ಉಳಿದಿದ್ದ ಭಾಷಣದ ಮೂರನೇ ಭಾಗವನ್ನು ಹೇಳಬೇಕೆಂದರೂ ಇಂಜಿನ್ನಿನ ಸದ್ದಿನಲ್ಲಿ ಕೋಳಿಗೆ ಮಾತ್ರ ಕೇಳಿಸುತ್ತಿತ್ತು. ಹಿಂದೆ ಎರಡು ಬೆನ್ನು ಕಾಣುತ್ತಿದ್ದವು, ಒಂದು ಸಂಪತ್‌ದು, ಒಂದು ಜೋಸೆಫ್‌ದು. ಹಳ್ಳ ಬಂದಾಗ ಒಬ್ಬ ಇನ್ನೊಬ್ಬನ ಅಂಗಿ ಹಿಡಿದುಕೊಳ್ಳುತ್ತಿದ್ದ.

ಬೆಳುಗುಪ್ಪದಲ್ಲಿ ಎಲ್ಲರೂ ಇಳಿದರು. ವಾಪಸ್ಸು ಹೋಗಲು ಜೀಪು ಮತ್ತೆ ತುಂಬಬೇಕು. ಕೋಳಿಯ ಅಜ್ಜಿ ಮಗನಿಗಾಗಿ ಕಾಯುತ್ತಾ ಬೇವಿನ ಮರದ ಕೆಳಗೆ ಕೂತಳು, ನಾವೂ ಅಲ್ಲೇ ಕೂತು ಡಬ್ಬಿ ಬಿಚ್ಚಿದೆವು. ಮಾವ ಬಂದು ನಮ್ಮನ್ನು ಮೇಲಿಂದ ಕೆಳಗೆ ನೋಡಿದ. "ಯಾರ ಮನೆಗಮ್ಮ ಬಂದಿದ್ದು?" ಅಂದ. "ಯಾರ ಮನೆಗೂ ಇಲ್ಲ, ಈಗ ಕಲ್ಯಾಣದುರ್ಗಕ್ಕೆ ಹೋಗ್ಬೇಕು," ಎಂದಳು ಎಸ್ತರ್. "ಅಲ್ಲಿಂದಾನೇ ಬಂದ್ರಲ್ಲಮ್ಮಾ! ಜೀಪು ಗೀಪು ಕೊಂಡ್ಕಳೋಕೆ ನೋಡ್ತಾ ಇದ್ದೀರೇನು?" ಎಂದು ತಲೆ ಕೆರೆದುಕೊಂಡು ಟೀ ಕುಡಿಯಲು ಹೋದ.

ಜೋಸೆಫ್ ದೂರದಲ್ಲೇ ನಿಂತಿದ್ದ. ಸಂಪತ್ ಅವನ ಕೈಗೆ ಚಿತ್ರಾನ್ನದ ತಟ್ಟೆ ಕೊಟ್ಟ. ಅವನು ತೆಗೆದುಕೊಂಡ, ತಿನ್ನಲಿಲ್ಲ. "ನನ್ನ ಕರ್ಕಂಡು ಹೋಗೋಕೆ ಬಂದಿದ್ರೆ ಸುಮ್ನೆ ಹೋಗ್ಬುಡಿ. ನಂಗೆ ಪ್ರಾರ್ಥನೆ ಗೀರ್ಥನೆ ಬ್ಯಾಡ," ಅಂದ. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಪ್ರಮೀಳಾ ಮಾತಾಡಿದಳು. ಅಲ್ಲಿಯವರೆಗೆ ನಾನು ಅವಳ ದನಿಯನ್ನು ಅಷ್ಟು ಹೊತ್ತು ಕೇಳಿದ್ದೇ ಇಲ್ಲ.

"ನಾನೂ ಮಾಡ್ತಿಲ್ಲ ಕಣೋ," ಅಂದಳು. "ನಿಮ್ಮಪ್ಪ ಹೋದಾಗಿಂದ ಮಾಡಿಲ್ಲ. ಸುಮ್ನೆ ಕಣ್ಮುಚ್ಕಂಡು ಕೂತಿರ್ತೀನಿ. ಒಳಗೆ ಬರೀ ಕೋಪ ಬತ್ತದೆ. ಅಕ್ಕ ನನ್ನ ನೋಡಿ ಕಲ್ತ್ಕಳಿ ಅಂತಾಳೆ, ನಂಗೆ ಇನ್ನೂ ಕೋಪ ಬತ್ತದೆ."

ನಾನು ಮಾದರಿಯೆಂದು ತೋರಿಸುತ್ತಿದ್ದ ಭಕ್ತಿ ಇದು! ಆದರೆ ನಾಚಿಕೊಳ್ಳಲು ಪುರುಸೊತ್ತು ಸಿಗಲಿಲ್ಲ. ಜೋಸೆಫ್ ಬಂದು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ.

"ಆಸ್ಪತ್ರೇಲಿ ನಾನು ಅಪ್ಪನ ಪಕ್ಕದಲ್ಲೇ ಇದ್ದೆ," ಅಂದ. "ಕೈ ಹಿಡ್ಕಂಡು ಪ್ರಾರ್ಥನೆ ಮಾಡ್ತಾ ಇದ್ದೆ. ಕಣ್ಣು ಮುಚ್ಕಂಡಿದ್ದೆ. ಗಟ್ಟಿಯಾಗಿ ಮುಚ್ಕಂಡ್ರೆ ಗಟ್ಟಿಯಾಗಿ ಕೇಳಿಸ್ತದೆ ಅಂತ. ಕಣ್ಣು ಬಿಟ್ಟಾಗ ಅಪ್ಪ ಇರ್ಲಿಲ್ಲ. ಅಷ್ಟೊತ್ತು ನನ್ನೇ ನೋಡ್ತಾ ಇದ್ನಂತೆ. ಪಕ್ಕದ ಬೆಡ್ಡಿನೋರು ಹೇಳಿದ್ರು. ನಾನು ನೋಡ್ಲಿಲ್ಲ ಅಕ್ಕಾ. ಕಡೇಗೆ ನಾನು ಅಪ್ಪನ್ನ ನೋಡ್ಲಿಲ್ಲ."

ಅಷ್ಟು ಹೇಳಿ ಅವನು ಅತ್ತ. ತಟ್ಟೆ ಕೈಯಲ್ಲಿ ಹಾಗೇ ಇತ್ತು. ಸಂಪತ್ ಮೆಲ್ಲಗೆ ಅದನ್ನು ತೆಗೆದುಕೊಂಡು ಪಕ್ಕಕ್ಕಿಟ್ಟು ಅವನ ಹೆಗಲಿಗೆ ಒರಗಿ ಕೂತ. ಬಸ್ಸಿನಲ್ಲಿ ಕಳೆದುಕೊಂಡ ಮಾತುಗಳು ಇದ್ದಿದ್ದರೂ ಅಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟೆ. ಅವನು ತಳ್ಳಲಿಲ್ಲ.

ಅವನ ಬಿಕ್ಕು ಸ್ವಲ್ಪ ಇಳಿದಾಗ ಎಸ್ತರ್ ಕೇಳಿದಳು. "ಕಣ್ಣು ಮುಚ್ಕಂಡೇ ಪ್ರಾರ್ಥನೆ ಮಾಡ್ಬೇಕು ಅಂತ ಯಾರು ಹೇಳಿದ್ದು ಅಕ್ಕಾ?"

ನಾಲ್ಕೂ ಮುಖ ನನ್ನ ಕಡೆ ತಿರುಗಿದವು. ಪರಿಗಿಯಲ್ಲಿ ದಿನಾ ಬೆಳಿಗ್ಗೆ ಏಳು ವರ್ಷದ ಮಕ್ಕಳಿಗೆ ಹಾಗೆ ಹೇಳುತ್ತಿದ್ದುದು ನಾನೇ. ಕಣ್ಣು ಬಿಟ್ಟರೆ ಅವು ಒಬ್ಬರ ಜಡೆ ಒಬ್ಬರು ಎಳೆಯುತ್ತವೆ. ಅದೇ ಅಭ್ಯಾಸವನ್ನು ಇವರಿಗೂ ತಂದಿದ್ದೆ. "ಯಾರೂ ಹೇಳಿಲ್ಲ ಕಣಮ್ಮ," ಅಂದೆ.

"ಹಂಗಾದ್ರೆ ಬಿಟ್ಕಂಡೇ ಮಾಡಣ," ಅಂದಳು. ಮೂವರೂ ಜೋಸೆಫನ ಸುತ್ತ ಕೂತು ಅವನನ್ನೇ ನೋಡತೊಡಗಿದರು. ನಾನೂ ನೋಡಿದೆ. ಅವನು ಮೊದಲು ನೆಲ ನೋಡಿದ, ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರೂ ತುಟಿ ಅಲ್ಲಾಡಿಸಲಿಲ್ಲ. ಕನ್ನಡವೂ ಇರಲಿಲ್ಲ, ತೆಲುಗೂ ಇರಲಿಲ್ಲ. ಕೋಳಿಯ ಅಜ್ಜಿಗೆ ಕುತೂಹಲ ತಡೆಯಲಿಲ್ಲ. "ಏನಮ್ಮಾ ಮಾಡ್ತಾ ಇದ್ದೀರಿ?" ಎಂದು ಕೇಳಿದಳು. "ಇವನ್ನ ನೋಡ್ತಾ ಇದ್ದೀವಜ್ಜಿ," ಎಂದಳು ಪ್ರಮೀಳಾ. ಅಜ್ಜಿ ಕೋಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹತ್ತಿರ ಬಂದು ತಾನೂ ಅವನನ್ನು ಚೆನ್ನಾಗಿ ನೋಡಿ, "ನೋಡಿ ನೋಡಿ. ಲಕ್ಷಣವಾಗವ್ನೆ. ಯಾಕಪ್ಪಾ ಅಳ್ತೀಯ, ಹೆಣ್ಣು ಇಷ್ಟ ಆಗ್ಲಿಲ್ವಾ?" ಎಂದಳು. ಎಸ್ತರ್‌ಗೂ ಪ್ರಮೀಳಾಗೂ ಮುಖ ಕೆಂಪಾಯಿತು. ಜೋಸೆಫ್ ಮೂಗು ಒರೆಸಿಕೊಂಡು ನಕ್ಕ. ನಗುತ್ತಲೇ ಚಿತ್ರಾನ್ನದ ತಟ್ಟೆಗೆ ಕೈ ಹಾಕಿದ. ಅದು ಖಾಲಿಯಾಗಿತ್ತು. ಸಂಪತ್ ಬೇವಿನ ಮರವನ್ನು ನೋಡುತ್ತಿದ್ದ.

ಅವತ್ತು ಜೋಸೆಫ್ ನಮ್ಮ ಜೊತೆ ಹಿಂದೂಪುರಕ್ಕೆ ಬರಲಿಲ್ಲ, ಬಾ ಎಂದು ನಾವೂ ಕೇಳಲಿಲ್ಲ. ನಮ್ಮ ಬಸ್ಸು ಹೊರಡುವವರೆಗೆ ಕಿಟಕಿಯ ಕೆಳಗೆ ನಿಂತಿದ್ದ. ಆಮೇಲೆ ಅವನ ಅಮ್ಮ ಫೋನ್ ಮಾಡಿ, ಕಲ್ಯಾಣದುರ್ಗದ ಕಾಲೇಜಿಗೇ ಸೇರುತ್ತಾನಂತೆ ಎಂದಳು. ಹೇಳುತ್ತಾ ಅವಳೂ ಅತ್ತಳು, ನಾನೂ ಅತ್ತೆ, ಅವ್ವ ಫೋನು ಕಿತ್ತುಕೊಂಡು "ಒಬ್ರಾದ್ರೂ ಮಾತಾಡ್ರೇ" ಎಂದು ಬೈದಳು. ರಜೆ ಬಂದರೆ ಅವನು ಶನಿವಾರ ನಮ್ಮ ಮನೆಯ ಬಾಗಿಲಲ್ಲಿರುತ್ತಿದ್ದ. ಎರಡು ವರ್ಷ ಕಳೆದ ಮೇಲೆ ಕಲ್ಯಾಣದುರ್ಗದ ಚರ್ಚಿನ ಸಭೆಯವರು ಅವನಿಗೇ ಹುಡುಗರ ಕೂಟ ಒಪ್ಪಿಸಿದರು. ಜಾಗವಿಲ್ಲವೆಂದು ಭಾನುವಾರ ಮಧ್ಯಾಹ್ನ ಮಾವನ ಜೀಪು ನಿಂತಿರುವಾಗ ಅದರೊಳಗೇ ಕೂಟ ಸೇರಿಸುತ್ತಿದ್ದ. ನಿಂತ ಜೀಪಾದ್ದರಿಂದ ನಾನೂ ಧೈರ್ಯವಾಗಿ ಹೋಗಿ ಕೂತು ಬಂದಿದ್ದೇನೆ. ಆ ಮಕ್ಕಳು ಪ್ರಶ್ನೆ ಕೇಳುತ್ತಿದ್ದರು, ಅವನು ಎಷ್ಟೋ ಸಲ ಗೊತ್ತಿಲ್ಲ ಅನ್ನುತ್ತಿದ್ದ, ಅವರು ಮುಂದಿನ ವಾರ ಮತ್ತೆ ಬರುತ್ತಿದ್ದರು.

ಈಗ ಕೂತು ಯೋಚಿಸಿದರೆ ನಾನು ಅವರಿಗೆ ಕಲಿಸಿದ್ದು ಇಂಥದ್ದು ಎಂದು ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಅವರಿಂದ ಸಿಕ್ಕಿದ್ದು ಮಾತ್ರ ಮನೆ ತುಂಬ ಇದೆ. ಮದುವೆಯಿಲ್ಲದೆ, ಮಕ್ಕಳಿಲ್ಲದೆ ಇದ್ದವಳಿಗೆ ಶನಿವಾರ ಬಂತೆಂದರೆ ಚಪ್ಪಲಿ ಬಿಡಲು ಹೊಸಿಲಲ್ಲಿ ಜಾಗವಿರದಷ್ಟು ಮಕ್ಕಳು. ಇಷ್ಟನ್ನು ನಾನು ಯಾವ ಪ್ರಾರ್ಥನೆಯಲ್ಲೂ ಕೇಳಿಕೊಂಡಿರಲಿಲ್ಲ, ಕೇಳಬಹುದೆಂದೂ ಗೊತ್ತಿರಲಿಲ್ಲ.

ಎಸ್ತರ್ ನರ್ಸಿಂಗ್ ಓದಲು ಊರು ಬಿಡುವ ಹಿಂದಿನ ದಿನ ಹೇಳಿಹೋಗಲು ಬಂದಿದ್ದಳು. ಅವ್ವನ ಕಾಲಿಗೆ ಬಿದ್ದು, ನನ್ನನ್ನು ತಬ್ಬಿಕೊಂಡು, ಅಳು ನಗು ಎರಡೂ ಸೇರಿಸಿ ಒಂದು ಗುಟ್ಟು ಬಿಚ್ಚಿದಳು. ಆ ಮೊದಲ ವರ್ಷ ನಮ್ಮ ಮನೆಗೆ ಬರುವ ಮುಂಚೆ ಪ್ರತಿ ವಾರವೂ ನಾಲ್ವರೂ ಬೀದಿಯ ಮೂಲೆಯಲ್ಲಿ ಸೇರಿ ನನಗಾಗಿ ಪ್ರಾರ್ಥನೆ ಮಾಡುತ್ತಿದ್ದರಂತೆ.

ನನಗೆ ಕಣ್ಣು ತುಂಬಿ ಬಂತು. "ಏನಂತ ಕೇಳ್ಕತಿದ್ರಿ?" ಅಂದೆ.

"ಎರಡೇ ಅಕ್ಕಾ. ಈ ಅಕ್ಕ ನಮ್ಮನ್ನ ಬಿಟ್ಟು ಹೋಗ್ದಂಗೆ ನೋಡ್ಕಳಪ್ಪ ಅಂತ ಒಂದು. ಮಾತು ಬೇಗ ಮುಗಿಸೋ ಬುದ್ಧಿ ಕೊಡಪ್ಪ ಅಂತ ಇನ್ನೊಂದು."

ಮೊದಲನೆಯದು ಈಡೇರಿದೆ. ಎರಡನೆಯದರ ವಿಷಯವನ್ನು, ಇಷ್ಟು ದೂರ ಓದಿಕೊಂಡು ಬಂದಿರುವ ನೀವೇ ಹೇಳಬೇಕು.